ತಪಾಸಣಾ ಯಂತ್ರಗಳ ಸಮಾಸ ಪ್ರಕರಣ

ಸಮರ್ಥವಾದ ಎರಡು ಪದಗಳು ನಡುವಿನ ವಿಭಕ್ತಿಯನ್ನು ಕಳೆದುಕೊಂಡು ಒಂದಾಗುವುದು ಸಮಾಸ. ಸಮರ್ಥವಾದ ಒಂದು ಸರ್ಕಾರವೂ ಸಮರ್ಥವಾದ ಒಂದು ಕಂಪನಿಯೂ ನಡುವಿನ ಹೊಣೆಯನ್ನು ಕಳೆದುಕೊಂಡು ಒಂದಾಗುವುದು ಸಹಭಾಗಿತ್ವ. ಲಕ್ಷಣ ಒಂದೇ ಆದ ಮೇಲೆ ಲಕ್ಷಣಗ್ರಂಥ ಎರಡೇಕೆ? ವಿಮಾನ ನಿಲ್ದಾಣಗಳಲ್ಲಿ ಹೊಸ ಭದ್ರತಾ ಯಂತ್ರಗಳನ್ನು ಸರ್ಕಾರವೂ ಉದ್ಯಮವೂ ಕೂಡಿ ಪರೀಕ್ಷಿಸುವ ಬಗೆಗಳನ್ನೆಲ್ಲ ಕನ್ನಡ ಸಮಾಸದ ಎಂಟು ಮನೆಗಳಲ್ಲಿ ಕೂರಿಸಬಹುದು ಎಂಬುದು ಈ ಪ್ರಕರಣದ ಪ್ರತಿಜ್ಞೆ. ಹೈಸ್ಕೂಲಿನಲ್ಲಿ ಆ ಎಂಟನ್ನೂ ಬಾಯಿಪಾಠ ಮಾಡಿ ಮರೆತವರಿಗೆ ಸೆಕ್ಯುರಿಟಿ ಸಾಲು ನೆನಪಿಸಿಕೊಳ್ಳುವಷ್ಟು ಪುರಸೊತ್ತು ಕೊಟ್ಟೇ ಕೊಡುತ್ತದೆ.

ಇಲ್ಲಿ ಪೂರ್ವಪಕ್ಷ. ಶಬ್ದಮಣಿದರ್ಪಣ ಬರೆದ ಕೇಶಿರಾಜ 13ನೆಯ ಶತಮಾನದವನು. ಅವನಿಗೆ ತಿಳಿದಿದ್ದ ವಿಮಾನವೆಂದರೆ ಪುಷ್ಪಕ. ಅದನ್ನು ಹತ್ತುವವರ ಸೊಂಟದ ಪಟ್ಟಿಯನ್ನು ಯಾರೂ ಬಿಚ್ಚಿಸಿದ ದಾಖಲೆ ಇಲ್ಲ. ಆದ್ದರಿಂದ ಅವನ ಶಾಸ್ತ್ರ ಇಲ್ಲಿ ಸಲ್ಲದು ಎಂದು. ಸಮಾಧಾನ: ಪುಷ್ಪಕವನ್ನು ಅಪಹರಿಸಿದವನೇ ಅದರ ಒಡೆಯನೂ ಆಗಿಬಿಟ್ಟಿದ್ದರಿಂದ ತಪಾಸಣೆಯ ಪ್ರಶ್ನೆ ಏಳಲಿಲ್ಲ. ಏಳಬೇಕಿತ್ತು ಎಂಬುದು ಬೇರೆ ಮಾತು.

ಸಮಾಸವನ್ನು ಗುರುತಿಸುವ ದಾರಿ ವಿಗ್ರಹವಾಕ್ಯ. ಕೂಡಿದ್ದನ್ನು ಬಿಡಿಸಿ ನೋಡಬೇಕು. ಪದಗಳಿಗೆ ಒಂದು ಪ್ರಶ್ನೆ ಸಾಕು. ಸಹಭಾಗಿತ್ವಕ್ಕೆ ಮೂರು ಬೇಕು. ಹಣ ಯಾರದು? ಪರೀಕ್ಷೆ ಮುಗಿದ ಮೇಲೆ ಯಂತ್ರ ಯಾರದು? ಯಂತ್ರ ಕೆಲಸ ಮಾಡದಿದ್ದರೆ ‘ಬೇಡ’ ಎನ್ನುವ ಅಧಿಕಾರ ಯಾರದು? ಮೊದಲ ಎರಡಕ್ಕೆ ಪತ್ರಿಕಾ ಪ್ರಕಟಣೆಯಲ್ಲೇ ಉತ್ತರವಿರುತ್ತದೆ. ಮೂರನೆಯದಕ್ಕಾಗಿ ಲೆಕ್ಕಪರಿಶೋಧಕರ ವರದಿ ಬರುವ ತನಕ, ಅಂದರೆ ಸಾಮಾನ್ಯವಾಗಿ ಯಂತ್ರ ಗೋದಾಮು ಸೇರುವ ತನಕ, ಕಾಯಬೇಕು.

ಮೊದಲನೆಯದು ತತ್ಪುರುಷ. ಇದರಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ. ಪೂರ್ವಪದ ಯಾವ ವಿಭಕ್ತಿಯಲ್ಲಿತ್ತೋ ಅದೇ ಹೆಸರು.

ತೃತೀಯಾ ತತ್ಪುರುಷಕ್ಕೆ ಅಟ್ಲಾಂಟಾದ ಉದಾಹರಣೆಯನ್ನು ಮೀರಿಸಿದ್ದು ಇಲ್ಲ. 2016ರ ವಸಂತದಲ್ಲಿ ಅಮೆರಿಕದ ನಿಲ್ದಾಣಗಳ ತಪಾಸಣಾ ಸಾಲುಗಳು ಕಂಡಾಪಟ್ಟೆ ಬೆಳೆದವು. ಮೇ ತಿಂಗಳ ಒಂದೇ ದಿನ ಶಿಕಾಗೊ ನಗರದಲ್ಲಿ ಒಂದೇ ವಿಮಾನ ಸಂಸ್ಥೆಯ ಸುಮಾರು 450 ಪ್ರಯಾಣಿಕರು ಸಾಲಿನಲ್ಲಿ ನಿಂತೇ ವಿಮಾನ ತಪ್ಪಿಸಿಕೊಂಡರು. ಆಗ ಡೆಲ್ಟಾ ಸಂಸ್ಥೆ 10 ಲಕ್ಷ ಡಾಲರ್ ತನಕ ಕೈಯಿಂದ ಹಾಕಿ, ಅಟ್ಲಾಂಟಾ ನಿಲ್ದಾಣದಲ್ಲಿ ಎರಡು ಹೊಸ ಸಾಲುಗಳನ್ನು ಎರಡು ತಿಂಗಳೊಳಗೆ ಕಟ್ಟಿಸಿ, ಸರ್ಕಾರದ ತಪಾಸಣಾ ಸಂಸ್ಥೆಯಾದ ಟಿಎಸ್‌ಎಗೆ ಒಪ್ಪಿಸಿತು. ಟಿಎಸ್‌ಎ ಅದೇ ವರ್ಷ ಹೊಸ ಯಂತ್ರಗಳ ಪರೀಕ್ಷೆಗೆಂದೇ ಒಂದು ಕಾರ್ಯಪಡೆ ಕಟ್ಟಿಕೊಂಡಿತ್ತು. ಈ ಸಾಲಿನಲ್ಲಿ ಐದು ಜನ ಏಕಕಾಲಕ್ಕೆ ಟ್ರೇ ತುಂಬಬಹುದು. ಮುಂದಿನವರು ಲ್ಯಾಪ್‌ಟಾಪ್ ಹುಡುಕುತ್ತಿದ್ದರೆ ಹಿಂದಿನವರು ಅವರನ್ನು ದಾಟಿ ಹೋಗಬಹುದು. ಅನುಮಾನದ ಟ್ರೇ ತಾನಾಗಿಯೇ ಪಕ್ಕದ ಹಳಿಗೆ ಹೊರಳುತ್ತದೆ. ಖಾಲಿ ಟ್ರೇಗಳು ಕೆಳಗಿನ ಬೆಲ್ಟಿನಲ್ಲಿ ಹಿಂದಕ್ಕೆ ಹರಿಯುತ್ತವೆ. ಪ್ರತಿ ಟ್ರೇಗೂ ರೇಡಿಯೋ ಗುರುತುಪಟ್ಟಿ, ಪ್ರತಿ ಚೀಲಕ್ಕೂ ಒಂದು ಫೋಟೊ. ವೇಗ ಶೇ 30ರಷ್ಟು ಹೆಚ್ಚುತ್ತದೆ ಎಂದರು.

ವಿಗ್ರಹವಾಕ್ಯ: ಡೆಲ್ಟಾದಿಂದ ಆದ ಸಾಲು. ಹಣ ತೃತೀಯೆ, ಸಾಲು ಸರ್ಕಾರದ ಷಷ್ಠಿ, ಉದ್ಘಾಟನೆಯ ದಿನ ಇಬ್ಬರೂ ಪ್ರಥಮೆ. ಮರುವರ್ಷ ಅಮೆರಿಕನ್ ಏರ್‌ಲೈನ್ಸ್ ಇದೇ ಸೂತ್ರವನ್ನು ಹಿಡಿದು, ಫೀನಿಕ್ಸ್ ನಿಲ್ದಾಣದಲ್ಲಿ ಕೈಚೀಲಗಳಿಗೆ ಸಿಟಿ ಸ್ಕ್ಯಾನ್ ಮಾಡುವ ಯಂತ್ರದ ಪರೀಕ್ಷೆಗೆ ಕೈಜೋಡಿಸಿತು.

ಇಲ್ಲಿ ವೃತ್ತಿಕಾರನಾಗಿ ಒಂದು ಮಾತು ಸೇರಿಸಲೇಬೇಕು. ಅಟ್ಲಾಂಟಾದಲ್ಲಿ ಪರೀಕ್ಷೆಗೆ ಒಳಗಾದದ್ದು ಸಾಲು. ಬಾಂಬನ್ನು ಹಿಡಿಯುವ ಶಕ್ತಿ ಅಲ್ಲ. ಆ ಸಾಲು ಬೆಳೆದದ್ದೇಕೆ ಎಂದು ಕೇಳಿದರೆ ಕಥೆ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. 2015ರಲ್ಲಿ ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ ಗುಪ್ತ ಪರೀಕ್ಷಕರು ಪ್ರಯಾಣಿಕರಂತೆ ಬಂದು ನಕಲಿ ಬಾಂಬು, ಆಯುಧಗಳನ್ನು ಒಳಗೆ ಒಯ್ದರು. 70 ಪ್ರಯತ್ನಗಳಲ್ಲಿ 67 ಬಾರಿ ಯಾರೂ ತಡೆಯಲಿಲ್ಲ. ಸುದ್ದಿ ಸೋರಿ, ಹಂಗಾಮಿ ಮುಖ್ಯಸ್ಥರ ಕುರ್ಚಿ ಹೋಗಿ, ತಪಾಸಣೆ ಬಿಗಿಯಾಯಿತು. ಬಿಗಿಯಾದದ್ದರಿಂದ ಸಾಲು ಬೆಳೆಯಿತು. ಸಾಲು ಬೆಳೆದದ್ದರಿಂದ ವೇಗದ ಪರೀಕ್ಷೆ ಹುಟ್ಟಿತು. ಬಾಂಬಿನ ಪರೀಕ್ಷೆಯಲ್ಲಿ ಫೇಲಾದದ್ದಕ್ಕೆ ಓಟದ ಪರೀಕ್ಷೆಯಲ್ಲಿ ಪಾಸಾಗಿ ತೋರಿಸುವುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಉಪಾಯ. ಯಾವ ವಿಮಾನ ಸಂಸ್ಥೆಯಾದರೂ ಸಾಲಿಗಾಗಿಯೇ ದುಡ್ಡು ಬಿಚ್ಚುತ್ತದೆ, ಯಾಕೆಂದರೆ ಸಾಲಿನ ನಷ್ಟ ಅಂದೇ ಸಂಜೆ ಅದರ ಲೆಕ್ಕಪುಸ್ತಕದಲ್ಲಿ ಕಾಣುತ್ತದೆ.

ಪಂಚಮೀ ತತ್ಪುರುಷ ಅಪರೂಪದ್ದೆಂದು ವೈಯಾಕರಣರು ಹೇಳುವುದುಂಟು. ವಿಮಾನ ನಿಲ್ದಾಣಗಳಲ್ಲಿ ಅದು ಬೇಕಾದಷ್ಟಿದೆ: ನಿಲ್ದಾಣದ ದೆಸೆಯಿಂದ ಕಿತ್ತದ್ದು. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಒಬ್ಬಾತ ಒಳಚಡ್ಡಿಯಲ್ಲಿ ಹೊಲಿದುಕೊಂಡಿದ್ದ ಸ್ಫೋಟಕ ಹೊತ್ತಿಕೊಂಡಿತೇ ಹೊರತು ಸಿಡಿಯಲಿಲ್ಲ. ಅದರ ಬೆನ್ನಿಗೇ ಇಡೀ ಮೈ ನೋಡುವ ಸ್ಕ್ಯಾನರ್‌ಗಳಿಗೆ ಸುಗ್ಗಿ ಬಂತು. ಅವುಗಳಲ್ಲಿ ಎರಡು ಕುಲ. ಒಂದು ಮಿಲಿಮೀಟರ್ ಅಲೆಗಳದು. ಇನ್ನೊಂದು ಮೈಯಿಂದ ಚದುರಿ ಹಿಂದಿರುಗುವ ಎಕ್ಸ್‌ರೇ ಹಿಡಿಯುವ ರ‍್ಯಾಪಿಸ್ಕ್ಯಾನ್ ಕಂಪನಿಯ ಸೆಕ್ಯೂರ್ 1000. ಎರಡನೆಯದು ಮೈಯನ್ನು ಎಷ್ಟು ಚೆನ್ನಾಗಿ ತೋರಿಸಿತೆಂದರೆ ಜನ ರೊಚ್ಚಿಗೆದ್ದರು. ನಿಜವಾದ ಮೈಯ ಬದಲು ಎಲ್ಲರಿಗೂ ಒಂದೇ ಬೊಂಬೆಯ ಚಿತ್ರ ತೋರಿಸುವ ತಂತ್ರಾಂಶ ಕೊಡಿ ಎಂದು ಅಮೆರಿಕದ ಸಂಸತ್ತು ಗಡುವು ಹಾಕಿತು. ಮಿಲಿಮೀಟರ್ ಅಲೆಯವರು ಕೊಟ್ಟರು, ರ‍್ಯಾಪಿಸ್ಕ್ಯಾನ್‌ನಿಂದ ಆಗಲಿಲ್ಲ. 2013ರಲ್ಲಿ ಆ ಯಂತ್ರಗಳು ನಿಲ್ದಾಣಗಳಿಂದ ಹೊರಬಿದ್ದವು. ಕೆಲವು ಜೈಲುಗಳಿಗೆ ಹೋದವು. ಆರೋಪಿಯನ್ನು ಕಂಡುಹಿಡಿಯಲೆಂದು ಬಂದ ಯಂತ್ರ ಕೊನೆಗೆ, ಆಗಲೇ ಕಂಡುಹಿಡಿದು ಕೂಡಿಹಾಕಿದವರನ್ನು ನೋಡುವ ಕೆಲಸಕ್ಕೆ ಸೇರಿತು. ಜೈಲಿಗೆ ಕೊಟ್ಟ ಯಂತ್ರ ಎಂದು ಬಿಡಿಸಿದರೆ ಇದೇ ಚತುರ್ಥೀ ತತ್ಪುರುಷಕ್ಕೂ ಉದಾಹರಣೆ. ಬ್ರಿಟನ್ನಿನ ಮ್ಯಾಂಚೆಸ್ಟರ್ ನಿಲ್ದಾಣದಲ್ಲೂ ಇದೇ ಕುಲದ ಯಂತ್ರಗಳು 2009ರಿಂದ ಮೂರು ವರ್ಷ ಪ್ರಯೋಗದಲ್ಲಿದ್ದು, ಯುರೋಪಿನ ಒಪ್ಪಿಗೆ ಮುಂದುವರಿಯದೆ ಗಂಟು ಕಟ್ಟಿದವು.

ಉಳಿದ ವಿಭಕ್ತಿಗಳನ್ನು ಓದುಗರೇ ಹುಡುಕಿಕೊಳ್ಳಬೇಕು, ಪರೀಕ್ಷೆಗೆ ಬರುವುದಿಲ್ಲ.

ಕರ್ಮಧಾರಯದಲ್ಲಿ ವಿಶೇಷಣ ವಿಶೇಷ್ಯಗಳ ಸಂಬಂಧ. ‘ನವೀನ’, ‘ಸ್ಮಾರ್ಟ್’, ‘ತಡೆರಹಿತ’, ‘ಮುಂದಿನ ತಲೆಮಾರಿನ’ ಎಂಬ ವಿಶೇಷಣಗಳು ಹಿಂದೆ ಯಂತ್ರ ಇರಲಿ ಬಿಡಲಿ ಮುಂದೆ ಬಂದು ನಿಲ್ಲುತ್ತವೆ. ಇದರ ಮೇಲೆ ಕಾಲ ಕಳೆಯುವಂಥದ್ದೇನೂ ಇಲ್ಲ. ಆದರೆ ಇದರ ಒಳಭೇದವಾದ ಉಪಮಾನ ಕರ್ಮಧಾರಯ ಒಂದು ಅಧ್ಯಾಯಕ್ಕೆ ಯೋಗ್ಯ. ಕಮಲದಂಥ ಮುಖ ಮುಖಕಮಲವಾಗುವಂತೆ, ಬಾಂಬುಶೋಧಕದಂತೆ ಕಾಣುವುದು ಬಾಂಬುಶೋಧಕವಾಗುತ್ತದೆ. ಎಡಿಇ 651 ಎಂಬುದೊಂದು ಸಾಧನವಿತ್ತು: ಒಂದು ಹಿಡಿಕೆ, ಅದರ ಮೇಲೆ ಆಚೀಚೆ ತಿರುಗುವ ಒಂದು ಕಡ್ಡಿ. ಬ್ಯಾಟರಿ ಇಲ್ಲ, ಒಳಗೆ ಏನೂ ಇಲ್ಲ. ಕಳೆದುಹೋದ ಗಾಲ್ಫ್ ಚೆಂಡು ಹುಡುಕಿಕೊಡುತ್ತದೆಂದು ಮಾರುತ್ತಿದ್ದ ಆಟಿಕೆಯೇ ಇದರ ಮೂಲಪುರುಷ. ಇರಾಕ್ ಸರ್ಕಾರ ಇದನ್ನು ಕೋಟ್ಯಂತರ ಡಾಲರ್ ತೆತ್ತು ಕೊಂಡು ಬಾಗ್ದಾದಿನ ಚೆಕ್‌ಪೋಸ್ಟುಗಳಲ್ಲಿ ಸೈನಿಕರ ಕೈಗೆ ಕೊಟ್ಟಿತು. ಮಾರಿದ ಬ್ರಿಟಿಷ್ ವ್ಯಾಪಾರಿ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ 10 ವರ್ಷ ಸೆರೆವಾಸವಾಯಿತು. ಅದರ ದಾಯಾದಿ ಜಿಟಿ200 ಎಂಬುದನ್ನು ಥಾಯ್ಲೆಂಡಿನ ಸರ್ಕಾರ ವರ್ಷಗಟ್ಟಲೆ ಬಳಸಿ, 2010ರಲ್ಲಿ ಕೊನೆಗೊಮ್ಮೆ ವಿಜ್ಞಾನಿಗಳ ಮುಂದಿಟ್ಟಿತು. ನಾಲ್ಕು ಡಬ್ಬಿಗಳಲ್ಲಿ ಒಂದರಲ್ಲಿ ಸ್ಫೋಟಕ, ಇಪ್ಪತ್ತು ಸುತ್ತು. ಕಣ್ಣುಮುಚ್ಚಿ ಕೈ ತೋರಿಸಿದರೂ ಐದು ಸಲ ಸರಿಹೋಗಬೇಕು. ಯಂತ್ರಕ್ಕೆ ನಾಲ್ಕು ಸಿಕ್ಕವು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಬರುವ ಪರೀಕ್ಷೆಗಳಲ್ಲೆಲ್ಲ ಅಚ್ಚುಕಟ್ಟಾದದ್ದು ಇದೇ. ನಾಲ್ಕು ಡಬ್ಬಿ ಸಾಕು. ಇದಕ್ಕೆ ಯಾವ ಕಾರ್ಯಪಡೆಯೂ ಬೇಡ, ಸಹಭಾಗಿತ್ವವೂ ಬೇಡ. ಕೊಳ್ಳುವ ಮುಂಚೆ ಮಾಡಿದ್ದರೆ ಖರ್ಚೂ ಇರಲಿಲ್ಲ.

ಈಗ ಅರಿಸಮಾಸ. ಎಂಟು ಮನೆಗಳ ಹೊರಗೆ, ಅಂಗಳದಲ್ಲಿ ನಿಲ್ಲಿಸಿದ ಸಮಾಸವಿದು. ಕುಲ ಬೇರೆಯಾದ ಎರಡು ಪದಗಳನ್ನು, ಅಂದರೆ ಕನ್ನಡವನ್ನೂ ಸಂಸ್ಕೃತವನ್ನೂ, ಬಲವಂತವಾಗಿ ಕೂಡಿಸುವುದು. ಹಳಬರ ಪ್ರಯೋಗವಿದ್ದರಷ್ಟೇ ಕ್ಷಮೆ. ಭದ್ರತಾ ಶಾಸ್ತ್ರದಲ್ಲಿ ಪ್ರಯೋಗಾಲಯವನ್ನೂ ನಿಲ್ದಾಣವನ್ನೂ ಹಾಗೆ ಕೂಡಿಸುವುದು ಅರಿಸಮಾಸ.

1988ರ ಡಿಸೆಂಬರಿನಲ್ಲಿ ಲಾಕರ್ಬಿಯ ಮೇಲೆ ಪ್ಯಾನ್ ಆಮ್ ವಿಮಾನ ಸಿಡಿದ ಮೇಲೆ, ಅಮೆರಿಕದ ವಿಮಾನಯಾನ ಆಡಳಿತ ಒಂದು ಕಂಪನಿಯೊಡನೆ ಆಗಲೇ ರೂಪಿಸುತ್ತಿದ್ದ ನ್ಯೂಟ್ರಾನ್ ಯಂತ್ರವನ್ನು ಅವಸರದಲ್ಲಿ ಹೊರತಂದಿತು. ತೂಕ ಸುಮಾರು 10 ಟನ್. ಬೆಲೆ ಸುಮಾರು 10 ಲಕ್ಷ ಡಾಲರ್. 1989ರಲ್ಲಿ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಪ್ರತಿಷ್ಠಾಪನೆ. ತತ್ತ್ವ ಸೊಗಸಾಗಿದೆ: ಸ್ಫೋಟಕಗಳಲ್ಲಿ ಸಾರಜನಕ ಹೆಚ್ಚು, ಪೆಟ್ಟಿಗೆಯ ಮೇಲೆ ನ್ಯೂಟ್ರಾನ್ ಹಾಯಿಸಿದರೆ ಸಾರಜನಕ ಗ್ಯಾಮಾ ಕಿರಣದ ಭಾಷೆಯಲ್ಲಿ ಓಗೊಡುತ್ತದೆ. ತೊಂದರೆಯೆಂದರೆ ಉಣ್ಣೆಯಲ್ಲೂ ಚರ್ಮದಲ್ಲೂ ಚೀಸಿನಲ್ಲೂ ಸಾರಜನಕವಿದೆ, ಅವೂ ಓಗೊಡುತ್ತವೆ. ಆ ಸುಳ್ಳು ಕೂಗುಗಳನ್ನು ತಗ್ಗಿಸಲು ಯಂತ್ರದ ಕಿವಿಯನ್ನು ಸ್ವಲ್ಪ ಮಂದ ಮಾಡಿದರೆ, ಲಾಕರ್ಬಿಯಲ್ಲಿ ಬಳಸಿದ್ದಷ್ಟು ಸಣ್ಣ ಗಾತ್ರದ ಸ್ಫೋಟಕ ಅದಕ್ಕೆ ಕೇಳಿಸುವ ಭರವಸೆ ಇಲ್ಲ. ಯಾವ ಬಾಂಬಿನ ಹೆಸರಲ್ಲಿ ಅದು ನಿಲ್ದಾಣಕ್ಕೆ ಬಂತೋ ಆ ಬಾಂಬನ್ನು ಬಿಟ್ಟು ಅದಕ್ಕಿಂತ ದೊಡ್ಡದನ್ನೆಲ್ಲ ಹಿಡಿಯಬಲ್ಲ ಯಂತ್ರ! 1990ರಲ್ಲಿ ಅಧ್ಯಕ್ಷರ ಆಯೋಗ ಇದನ್ನು ಎತ್ತಿ ತೋರಿಸಿತು. ಪೆಟ್ಟಿಗೆಗಳ ಕೆಲಸ ಕೊನೆಗೆ ಸಿಟಿ ಯಂತ್ರಕ್ಕೆ ಹೋಯಿತು. 1994ರಲ್ಲಿ ಮಾನ್ಯತೆ ಪಡೆದ ಸಿಟಿಎಕ್ಸ್ 5000 ಆ ವಂಶದ ಹಿರಿಯ. ಇಂದಿಗೂ ನಮ್ಮಲ್ಲಿ ಸಿಟಿ ಯಂತ್ರಕ್ಕೆ ಸಿಟಿಎಕ್ಸ್ ಎನ್ನುವುದುಂಟು.

ಅರಿಸಮಾಸದ ಇನ್ನೊಂದು ಪ್ರಯೋಗ ಗಾಳಿಯೂದುವ ಗೂಡು. ಪ್ರಯಾಣಿಕ ಗಾಜಿನ ಗೂಡಿನೊಳಗೆ ನಿಲ್ಲುತ್ತಾನೆ. ಪುಸ್ ಪುಸ್ ಎಂದು ಗಾಳಿ ಬಡಿಯುತ್ತದೆ. ಮೈಮೇಲಿನ ಕಣಗಳು ಉದುರುತ್ತವೆ. ಯಂತ್ರ ಮೂಸಿ ನೋಡಿ ತೀರ್ಪು ಕೊಡುತ್ತದೆ. ಟಿಎಸ್‌ಎ ಸುಮಾರು 3 ಕೋಟಿ ಡಾಲರ್ ಕೊಟ್ಟು ಇಂಥ ಇನ್ನೂರಕ್ಕೂ ಹೆಚ್ಚು ಗೂಡುಗಳನ್ನು ಕೊಂಡಿತು. ಪ್ರಯೋಗಾಲಯದಲ್ಲಿ ಅವು ಜಾಣ ಮಕ್ಕಳು. ನಿಲ್ದಾಣದಲ್ಲಿ ಧೂಳು, ತೇವ, ಕೊಳೆ. ಯಂತ್ರಗಳು ಪದೇಪದೇ ಮೂರ್ಛೆ ಹೋದವು. ಅರ್ಧದಷ್ಟನ್ನು ನಿಲ್ದಾಣಗಳಲ್ಲಿ ಕೂರಿಸುವ ಹೊತ್ತಿಗೆ, ಅಂದರೆ 2006ರಲ್ಲಿ, ಉಳಿದರ್ಧ ಗೋದಾಮಿನಲ್ಲೇ ಇರಲಿ ಎಂದಾಯಿತು. ನಿಜವಾದ ನಿಲ್ದಾಣದ ವಾತಾವರಣದಲ್ಲಿ ಪರೀಕ್ಷೆ ಮುಗಿಯುವ ಮುಂಚೆಯೇ ಕೊಂಡದ್ದು ಎಂದು 2009ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಬರೆಯಿತು. ವಿಮಾನ ನಿಲ್ದಾಣದಲ್ಲಿ ಧೂಳಿರುತ್ತದೆ ಎಂಬುದನ್ನು ಮೂರು ಕೋಟಿ ಡಾಲರಿಗೆ ತಿಳಿದುಕೊಳ್ಳುವವರನ್ನು ಕಂಡರೆ ನಮ್ಮ ಊರಿನ ಯಾವ ಕಸಗುಡಿಸುವಾಕೆಗೂ ನಗು ಬಂದೀತು.

ದ್ವಿಗುವಿನಲ್ಲಿ ಪೂರ್ವಪದ ಸಂಖ್ಯಾವಾಚಕ. ಮುಕ್ಕಣ್ಣು, ಇಮ್ಮಡಿ, ಪಂಚೇಂದ್ರಿಯ, ನೂರು ಮಿಲಿಲೀಟರ್. 2006ರ ಆಗಸ್ಟಿನಲ್ಲಿ ದ್ರವ ಸ್ಫೋಟಕಗಳ ಸಂಚು ಲಂಡನ್ನಿನಲ್ಲಿ ಬಯಲಾದ ಮೇಲೆ ಕೈಚೀಲದ ದ್ರವದ ಮಿತಿಯಾಗಿ ಹುಟ್ಟಿದ ಈ ಸಂಖ್ಯೆ, ಹೊಸ ಸಿಟಿ ಯಂತ್ರಗಳು ಬಂದರೆ ಸಾಯುತ್ತದೆ ಎಂದು ಬ್ರಿಟಿಷ್ ಸರ್ಕಾರ 2019ರಲ್ಲಿ ಘೋಷಿಸಿತು. ಗಡುವು 2022. ಆಮೇಲೆ 2024ರ ಜೂನ್. ಯಂತ್ರ ಕೊಂಡು ಕೂರಿಸುವ ಖರ್ಚು ನಿಲ್ದಾಣಗಳ ಮೇಲೆ. ಕೆಲವು ಸಣ್ಣ ನಿಲ್ದಾಣಗಳು ನಿಯತ್ತಿನಿಂದ ಹೊತ್ತಿಗೆ ಮುಂಚೆಯೇ ಕೂರಿಸಿ ನೂರರ ಮಿತಿಯನ್ನು ತೆಗೆದವು. 2024ರ ಜೂನ್ 9ರಿಂದ ಜಾರಿಯಾಗುವಂತೆ ಸರ್ಕಾರ ಅವಕ್ಕೇ ಹೇಳಿತು: ತಾತ್ಕಾಲಿಕವಾಗಿ ಮತ್ತೆ ನೂರು. ಸೆಪ್ಟೆಂಬರಿನಿಂದ ಐರೋಪ್ಯ ಒಕ್ಕೂಟದಲ್ಲೂ ಅದೇ ನಿಯಮವಾಯಿತು. ಗಡುವನ್ನು ಪಾಲಿಸಿದವರಿಗೆ ದಂಡ, ಪಾಲಿಸದವರಿಗೆ ಯಥಾಸ್ಥಿತಿ. 2025ರ ಜುಲೈನಲ್ಲಿ ಎಡಿನ್‌ಬರೊ ನಿಲ್ದಾಣದಲ್ಲಿ ಮಿತಿ ಒಮ್ಮೆಲೇ ಎರಡು ಲೀಟರಿಗೆ ಜಿಗಿಯಿತು. ನೂರರ ಹಿಂದಿನ ಗಣಿತ ತಿಳಿಯದ ಪ್ರಯಾಣಿಕನಿಗೆ ಎರಡು ಸಾವಿರದ ಹಿಂದಿನದೂ ತಿಳಿಯಲಿಲ್ಲ. ಅವನು ನೀರು ಕುಡಿದ.

ನಮ್ಮಲ್ಲಿ ದ್ವಿಗುವಿನ ಉದಾಹರಣೆ 84. ಸೂಕ್ಷ್ಮ, ಅತಿಸೂಕ್ಷ್ಮ ಎಂದು ಗುರುತಿಸಿದ 84 ನಿಲ್ದಾಣಗಳಲ್ಲಿ 2020ರ ಮಾರ್ಚಿನೊಳಗೆ ಬಾಡಿ ಸ್ಕ್ಯಾನರ್ ಇರಬೇಕೆಂದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ, ಅಂದರೆ ಬಿಸಿಎಎಸ್, 2019ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು. ಆ ಮಾರ್ಚ್ ಬಂದಾಗ ನಿಲ್ದಾಣಗಳಲ್ಲಿ ತಪಾಸಣೆಗೆ ಜನರೇ ಇಲ್ಲದಂತಾಯಿತು. ಗಡುವುಗಳಿಗೆ ಕೋವಿಡ್‌ನಷ್ಟು ಗೌರವಾನ್ವಿತ ನೆಪ ಇನ್ನು ಸಿಗಲಾರದು.

ಅಪವಾದ ಸೂತ್ರ: ತೆಂಗಿನಕಾಯಿಗೆ ಭದ್ರತೆಯ ಸಾಮಾನ್ಯ ನಿಯಮ ಅನ್ವಯಿಸದು. ಕ್ಯಾಬಿನ್ನಿನಲ್ಲಿ ಒಯ್ಯಬಾರದೆಂದಿದ್ದ ಕಾಯಿಯನ್ನು, ಶಬರಿಮಲೆಗೆ ಇರುಮುಡಿ ಹೊತ್ತು ಹೋಗುವವರಿಗಾಗಿ 2024ರ ಅಕ್ಟೋಬರಿನಲ್ಲಿ ಬಿಸಿಎಎಸ್ ಒಪ್ಪಿತು. ಎಕ್ಸ್‌ರೇ ಆಗಬೇಕು, ಸ್ಫೋಟಕದ ಜಾಡು ನೋಡುವ ಯಂತ್ರಕ್ಕೆ ತೋರಿಸಬೇಕು, ಕೈಯಿಂದಲೂ ಮುಟ್ಟಿ ನೋಡಬೇಕು. ಯಾತ್ರೆಯ ಋತು ಮುಗಿಯುವ ಜನವರಿ 20ರ ತನಕ ಮಾತ್ರ. ಅದೇ ಯಂತ್ರ, ಅದೇ ಕಾಯಿ. ಮಾಲೆ ಹಾಕಿದವರ ಕೈಯಲ್ಲಿ ಪಾಸಾದ ಕಾಯಿ ಹಾಕದವರ ಕೈಯಲ್ಲಿ ಫೇಲಾಗುವುದನ್ನು ಪದಾರ್ಥವಿಜ್ಞಾನ ವಿವರಿಸಲಾರದು, ವ್ಯಾಕರಣ ವಿವರಿಸುತ್ತದೆ. ಅಪವಾದಕ್ಕೆ ಕಾರಣ ಕೇಳಬಾರದು, ಶಿಷ್ಟಪ್ರಯೋಗ ಎನ್ನಬೇಕು.

ಅಂಶಿಯಲ್ಲಿ ಪೂರ್ವಪದ ಪ್ರಧಾನ, ಭಾಗವೊಂದು ಇಡಿಯದರ ಮುಂದೆ ನಿಲ್ಲುತ್ತದೆ: ಮುಂಗೈ, ಅಂಗಾಲು, ಹಾಗೆಯೇ ಒಂದು ಗೇಟಿನಲ್ಲಿ ಮೂರು ತಿಂಗಳು ನಡೆದು ‘ದೇಶಾದ್ಯಂತ’ ಎನಿಸಿಕೊಂಡ ಪ್ರಯೋಗ. ಗಮಕದಲ್ಲಿ ‘ಈ’, ‘ಆ’ ಎಂಬ ಸರ್ವನಾಮಗಳು: ಆ ಸಾಲು, ಈ ಟ್ರೇ. ಇದರ ಮಹಾಪಂಡಿತರು ಖಾಕಿ ತೊಟ್ಟು ಬೆಲ್ಟಿನ ಆ ತುದಿಯಲ್ಲಿರುತ್ತಾರೆ.

ಕ್ರಿಯಾಸಮಾಸ: ಕೈಮುಗಿ, ತಲೆದೂಗು, ಶೂಬಿಚ್ಚು. 2001ರ ಡಿಸೆಂಬರಿನಲ್ಲಿ ರಿಚರ್ಡ್ ರೀಡ್ ಎಂಬಾತ ಪ್ಯಾರಿಸ್ಸಿನಿಂದ ಹೊರಟ ವಿಮಾನದಲ್ಲಿ ಬೂಟಿನ ಬಾಂಬಿಗೆ ಕಡ್ಡಿ ಗೀರಲು ಹೋಗಿ, ಗಗನಸಖಿಯರಿಗೂ ಪ್ರಯಾಣಿಕರಿಗೂ ಸಿಕ್ಕಿಬಿದ್ದ. 2006ರಿಂದ ಅಮೆರಿಕದಲ್ಲಿ ಎಲ್ಲರೂ ಶೂ ಬಿಚ್ಚಬೇಕಾಯಿತು. 2025ರ ಜುಲೈವರೆಗೂ ಬಿಚ್ಚಿದರು. ನಡುವೆ ಶೂ ಹಾಕಿಕೊಂಡೇ ನಿಲ್ಲಬಹುದಾದ ಯಂತ್ರಗಳ ಮೆರವಣಿಗೆ ನಡೆಯಿತು. ಆರ್ಲ್ಯಾಂಡೊ ನಿಲ್ದಾಣದಲ್ಲಿ ದುಡ್ಡು ಕೊಟ್ಟು ನೋಂದಾಯಿಸಿಕೊಂಡವರಿಗೆಂದು ಒಂದು ಖಾಸಗಿ ಕಂಪನಿ ಶೂ ಸ್ಕ್ಯಾನರ್ ಕೂರಿಸಿತ್ತು. ಟಿಎಸ್‌ಎ ಅದನ್ನು ನೋಡಿ, ನಮ್ಮ ಮಟ್ಟಕ್ಕೆ ಬಂದಿಲ್ಲ ಎಂದಿತು. ಮುಂದೆ ಬಂದವಕ್ಕೂ ಅದೇ ಮಾತು ಹೇಳಿತು. ಟಿಎಸ್‌ಎಯನ್ನು ಇಷ್ಟು ಹೊತ್ತು ಗೇಲಿ ಮಾಡಿದ ಮೇಲೆ ಇದನ್ನೂ ದಾಖಲಿಸಬೇಕು: ಮೂರನೆಯ ಪ್ರಶ್ನೆಗೆ ಇಲ್ಲಿ ಉತ್ತರವಿತ್ತು. ಒಬ್ಬರು ‘ಬೇಡ’ ಎಂದರು. ಕೋಟ್ಯಂತರ ಜನ ಕಾಲುಚೀಲದಲ್ಲಿ ನಡೆದರು ನಿಜ, ಆದರೆ ಸುಳ್ಳು ಯಂತ್ರದ ಮೇಲೆ ನಿಲ್ಲಲಿಲ್ಲ.

ದ್ವಂದ್ವದಲ್ಲಿ ಎಲ್ಲ ಪದಗಳೂ ಪ್ರಧಾನ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಬಹುಪದ ದ್ವಂದ್ವದ ತವರು. ನಿಲ್ದಾಣವೇ ಸಹಭಾಗಿತ್ವದ ಕೂಸು: ರಾಜ್ಯದ ಕೆಎಸ್‌ಐಐಡಿಸಿ ಪಾಲು ಶೇ 13, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಶೇ 13, ಮಿಕ್ಕಿದ್ದು ಖಾಸಗಿ. ಅಲ್ಲಿನ ಎರಡನೆಯ ಟರ್ಮಿನಲ್‌ನಲ್ಲಿ ದೇಶೀಯ ಪ್ರಯಾಣಿಕರಿಗೆ ಸಿಟಿ ಯಂತ್ರ, ಟ್ರೇಗಳನ್ನು ತಾನೇ ಹಿಂದಿರುಗಿಸುವ ಬೆಲ್ಟು, ಬಾಡಿ ಸ್ಕ್ಯಾನರ್ ಮೂರನ್ನೂ ಒಟ್ಟಿಗೆ ಜೋಡಿಸಿದ ಪ್ರಯೋಗವೊಂದನ್ನು 2023ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಲ್ಯಾಪ್‌ಟಾಪನ್ನು ಚೀಲದಿಂದ ತೆಗೆಯಬೇಕಿಲ್ಲ ಎಂಬುದು ಇದರ ಫಲಶ್ರುತಿ. ಬಿಡಿಸಿ ನೋಡಿ: ಯಂತ್ರ ತಯಾರಕರದು, ನೆಲ ನಿಲ್ದಾಣದ ಕಂಪನಿಯದು, ನಿಯಮ ಬಿಸಿಎಎಸ್‌ನದು, ಪರದೆ ನೋಡುವ ಕಣ್ಣು ಭದ್ರತಾ ಪಡೆಯಾದ ಸಿಐಎಸ್‌ಎಫ್‌ನದು, ಲ್ಯಾಪ್‌ಟಾಪು ನಿಮ್ಮದು. ಎಲ್ಲವೂ ಪ್ರಧಾನವಾದ್ದರಿಂದ ದೂರು ಕೊಡಲು ಅಪ್ರಧಾನವಾದ ಒಂದು ಕೌಂಟರ್ ಹುಡುಕಬೇಕಾಗುತ್ತದೆ.

ಮುಖ ತೋರಿಸಿ ಒಳಹೋಗುವ ಡಿಜಿಯಾತ್ರಾ ಇದಕ್ಕಿಂತ ಸೂಕ್ಷ್ಮ. ಕೇಂದ್ರ ವಿಮಾನಯಾನ ಸಚಿವಾಲಯ 2018ರಲ್ಲಿ ನೀತಿ ಬರೆಯಿತು. 2019ರಲ್ಲಿ ಅದನ್ನು ನಡೆಸಲು ಲಾಭದ ಉದ್ದೇಶವಿಲ್ಲದ ಒಂದು ಕಂಪನಿ ಹುಟ್ಟಿತು. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಆರಂಭ. ಆ ಕಂಪನಿಯಲ್ಲಿ ಪ್ರಾಧಿಕಾರಕ್ಕೆ ಶೇ 26. ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬೈ, ಕೊಚ್ಚಿ ನಿಲ್ದಾಣಗಳ ಕಂಪನಿಗಳು ಉಳಿದ 74ನ್ನು ಸಮವಾಗಿ ಹಂಚಿಕೊಂಡಿವೆ. ಬೆಂಗಳೂರು ನಿಲ್ದಾಣದ ಹದಿಮೂರು ಹದಿಮೂರು ಕೂಡಿದರೂ 26 ಎಂಬುದನ್ನು ಗಣಿತಪ್ರಿಯರು ಗಮನಿಸಿರಬೇಕು. ಇದು ಕಾಕತಾಳೀಯವಲ್ಲ. ಕಂಪನಿ ಕಾನೂನಿನಲ್ಲಿ ದೊಡ್ಡ ನಿರ್ಣಯಗಳಿಗೆ ಮುಕ್ಕಾಲು ಪಾಲು ಮತ ಬೇಕು. 26 ಇದ್ದವರು ‘ಬೇಡ’ ಎನ್ನಬಲ್ಲರು, ‘ಬೇಕು’ ಎನ್ನಲಾರರು. ಅಂದರೆ ಸರ್ಕಾರ ಕೊಂಡುಕೊಂಡದ್ದು ನಕಾರ ಮಾತ್ರ. ನಮ್ಮ ಮೂರನೆಯ ಪ್ರಶ್ನೆಗೆ ಇಷ್ಟು ನಿಖರವಾದ ಉತ್ತರ ಬೇರೆಲ್ಲೂ ಇಲ್ಲ. ಆ ನಕಾರವನ್ನು ಯಂತ್ರದ ವಿಷಯದಲ್ಲಿ ಎಂದಾದರೂ ಬಳಸುತ್ತಾರೆಯೇ ಎಂಬುದು ಷೇರುಪಟ್ಟಿಯಲ್ಲಿ ಬರೆದಿರುವುದಿಲ್ಲ.

ಸಮಾಸವಾಗುವಾಗ ನಡುವಿನ ಪ್ರತ್ಯಯ ಲೋಪವಾಗುತ್ತದೆ ಎಂದು ಮೊದಲೇ ಹೇಳಿದೆ. ಸಹಭಾಗಿತ್ವದಲ್ಲಿ ಲೋಪವಾಗುವುದು ಪರೀಕ್ಷೆಯ ಫಲಿತಾಂಶ. ಇದಕ್ಕೆ ಕೊಡಬೇಕಾದ ಉದಾಹರಣೆ ತಮಾಷೆಯದಲ್ಲ.

1985ರ ಜನವರಿಯಲ್ಲಿ ಟೊರಾಂಟೊ ನಿಲ್ದಾಣದಲ್ಲಿ ಪಿಡಿ-4 ಎಂಬ, ಕೈಯಲ್ಲಿ ಹಿಡಿದು ಸ್ಫೋಟಕ ಮೂಸುವ ಸಾಧನದ ಪ್ರದರ್ಶನ ನಡೆಯಿತು. ಏರ್ ಇಂಡಿಯಾ ಬಳಸಬೇಕೆಂದಿದ್ದ ಸಾಧನವದು. ಕೆನಡಾದ ಪೊಲೀಸರು ಮದ್ದಿನ ಪುಡಿಯ ಮಾದರಿಯೊಂದನ್ನು ಮುಂದಿಟ್ಟರು. ತೀರ ಹತ್ತಿರ, ಅಂಗುಲದ ಅಂತರಕ್ಕೆ ಹಿಡಿಯುವ ತನಕ ಅದು ಸದ್ದು ಮಾಡಲಿಲ್ಲ. ಇದರಿಂದ ಪ್ರಯೋಜನವಿಲ್ಲ ಎಂದು ನೋಡಿದವರಿಗೆ ಅಂದೇ ಗೊತ್ತಾಯಿತು. ಸಾಧನ ಮಾತ್ರ ಅಲ್ಲೇ ಉಳಿಯಿತು. ಜೂನ್ 22ರಂದು ಟೊರಾಂಟೊದಲ್ಲಿ ಏರ್ ಇಂಡಿಯಾದ 182 ಸಂಖ್ಯೆಯ ‘ಕನಿಷ್ಕ’ ವಿಮಾನಕ್ಕೆ ಪೆಟ್ಟಿಗೆಗಳನ್ನು ತಪಾಸಿಸುತ್ತಿದ್ದ ಎಕ್ಸ್‌ರೇ ಯಂತ್ರ ನಡುವೆ ಕೆಟ್ಟು ನಿಂತಿತು. ಉಳಿದ ಪೆಟ್ಟಿಗೆಗಳ ಮೇಲೆ ಪಿಡಿ-4 ಆಡಿಸಿದರು. ಮರುದಿನ ಐರ್ಲೆಂಡಿನ ಕಡಲ ಮೇಲೆ ಕನಿಷ್ಕ ಸಿಡಿಯಿತು. 329 ಜನ ಸತ್ತರು. ಕೆನಡಾದ ವಿಚಾರಣಾ ಆಯೋಗ ಇದನ್ನೆಲ್ಲ ಕ್ರಮವಾಗಿ ಬರೆದಿಟ್ಟದ್ದು 2010ರಲ್ಲಿ. ಸರ್ಕಾರ, ವಿಮಾನ ಸಂಸ್ಥೆ, ನಿಲ್ದಾಣ, ಪೊಲೀಸರು ಎಲ್ಲರೂ ಆ ಸಮಾಸದಲ್ಲಿದ್ದರು. ಜನವರಿಯ ಫಲಿತಾಂಶವನ್ನು ಜೂನಿಗೆ ತಲುಪಿಸಬೇಕಾದ ಪ್ರತ್ಯಯ ಇರಲಿಲ್ಲ. ಇತ್ತ ಭಾರತದಲ್ಲಿ ವಿಮಾನಯಾನ ನಿರ್ದೇಶನಾಲಯದ ಒಂದು ಘಟಕವಾಗಿದ್ದ ಬಿಸಿಎಎಸ್ ಸ್ವತಂತ್ರ ಇಲಾಖೆಯಾದದ್ದು ಕನಿಷ್ಕದ ತರುವಾಯ, 1987ರ ಏಪ್ರಿಲ್‌ನಲ್ಲಿ.

ಕಡೆಯದು ಬಹುವ್ರೀಹಿ. ಇದರಲ್ಲಿ ಕೂಡಿದ ಪದಗಳೆರಡೂ ಅಪ್ರಧಾನ. ಹೊರಗೆ ನಿಂತ ಮೂರನೆಯ ಪದಕ್ಕೆ ಪ್ರಾಧಾನ್ಯ. ಹಣೆಯಲ್ಲಿ ಕಣ್ಣುಳ್ಳವನು ಹಣೆಗಣ್ಣ. ಹಣೆಯೂ ಮುಖ್ಯವಲ್ಲ, ಕಣ್ಣೂ ಮುಖ್ಯವಲ್ಲ, ಶಿವ ಮುಖ್ಯ. ಸರ್ಕಾರವೂ ಕಂಪನಿಯೂ ಕೂಡಿ ನಡೆಸುವ ಪರೀಕ್ಷೆಯ ಅನ್ಯಪದ ಯಾರು? ಪ್ರಯಾಣಿಕ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳುತ್ತಾರೆ, ಪ್ರಕಟಣೆಗಳಲ್ಲೂ ‘ಪ್ರಯಾಣಿಕ ಕೇಂದ್ರಿತ’ ಎಂದೇ ಇರುತ್ತದೆ. ಹಣದ ಮಟ್ಟಿಗೆ ಇದು ನಿಜ. ಭಾರತದಲ್ಲಿ 2021ರ ಏಪ್ರಿಲಿನಿಂದ ದೇಶೀಯ ಟಿಕೆಟಿನಲ್ಲಿ ವಿಮಾನಯಾನ ಭದ್ರತಾ ಶುಲ್ಕ 200 ರೂಪಾಯಿ, ವಿದೇಶಿ ಪ್ರಯಾಣಕ್ಕೆ 12 ಡಾಲರ್. ಅಮೆರಿಕದಲ್ಲಿ ಒಂದು ದಿಕ್ಕಿಗೆ 5 ಡಾಲರ್ 60 ಸೆಂಟ್. ಅದರಲ್ಲೂ ಒಂದು ಪಾಲನ್ನು 2013ರ ಕಾನೂನೊಂದು ಬಜೆಟ್ಟಿನ ಕೊರತೆ ತುಂಬಲು ತಿರುಗಿಸಿಬಿಟ್ಟಿದೆ. ಸಾಲಿನಲ್ಲಿ ನಿಲ್ಲುವವನೂ ಅವನೇ, ಶುಲ್ಕ ಕೊಡುವವನೂ ಅವನೇ, ಯಂತ್ರಕ್ಕೆ ಒಡ್ಡಿಕೊಳ್ಳುವ ಮೈಯೂ ಅವನದೇ. ಫಲಿತಾಂಶ ಮಾತ್ರ ಭದ್ರತೆಯ ಕಾರಣಕ್ಕೆ ಗೋಪ್ಯ. ಗೋಪ್ಯತೆಗೆ ಸಕಾರಣವೂ ಇದೆ. ಯಾವ ಯಂತ್ರಕ್ಕೆ ಏನು ಕಾಣುವುದಿಲ್ಲ ಎಂದು ಬೋರ್ಡು ಹಾಕಲಾಗದು. ಆದರೆ ಅದೇ ಪರದೆಯ ಹಿಂದೆ ಗಾಳಿಯೂದುವ ಗೂಡು ಎಷ್ಟು ವರ್ಷವಾದರೂ ನಿಂತಿರಬಹುದು.

ಅನ್ಯಪದವೇ ಎದ್ದು ಬಂದು ಪರೀಕ್ಷಕನಾದ ಒಂದು ಪ್ರಯೋಗ ಮಾತ್ರ ಸಿಗುತ್ತದೆ. ಸೆಕ್ಯೂರ್ 1000 ವಂಶದ ಹಳೆಯ ಯಂತ್ರವೊಂದು 2012ರಲ್ಲಿ ಇಬೇ ಜಾಲತಾಣದಲ್ಲಿ ಮಾರಾಟಕ್ಕೆ ಬಂದಿತ್ತು. ಮಿಶಿಗನ್, ಕ್ಯಾಲಿಫೋರ್ನಿಯ ಮತ್ತು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಅದನ್ನು ಕೊಂಡು ಮನೆ ತುಂಬಿಸಿಕೊಂಡರು. ಸರ್ಕಾರವನ್ನೂ ಕೇಳಲಿಲ್ಲ, ಕಂಪನಿಯನ್ನೂ ಕೇಳಲಿಲ್ಲ. ಸೋಗಿನ ಸ್ಫೋಟಕ, ಪಿಸ್ತೂಲು, ಚಾಕುಗಳನ್ನು ಮೈಮೇಲೆ ಅಲ್ಲಲ್ಲಿ ಇಟ್ಟುಕೊಂಡು, ತಾವೇ ಯಂತ್ರದ ಮುಂದೆ ಕೈಯೆತ್ತಿ ನಿಂತರು. ಜಾಣತನದಿಂದ ಇಟ್ಟರೆ ಮೂರನ್ನೂ ಅದರ ಕಣ್ಣಿಗೆ ಬೀಳದಂತೆ ದಾಟಿಸಬಹುದು ಎಂದು 2014ರ ಆಗಸ್ಟಿನಲ್ಲಿ ಪ್ರಬಂಧ ಮಂಡಿಸಿದರು. ಆ ಹೊತ್ತಿಗೆ ನಿಲ್ದಾಣಗಳಿಂದ ಯಂತ್ರಗಳನ್ನು ಕಿತ್ತು ವರ್ಷದ ಮೇಲಾಗಿತ್ತು. ಕಿತ್ತದ್ದಕ್ಕೆ ಕೊಟ್ಟಿದ್ದ ಕಾರಣ ಬೊಂಬೆಯ ಚಿತ್ರ ಬಿಡಿಸಲು ಬರಲಿಲ್ಲ ಎಂಬುದು.